ಫೋಟೊ ತೆಗೆದದ್ದು ನಾನು, ತೆಗೆದುಹಾಕಿದ್ದು ಅವರು: ಹಡಗು ಫೋಟೊ ಗ್ರೂಪಿನ ಜಗಳಕ್ಕೆ ಏನು ಮಾಡುವುದು?

ಪ್ರಶ್ನೆ: ನಾನು ಸುರತ್ಕಲ್ ಕಡೆಯವನು, ಬ್ಯಾಂಕ್ ಉದ್ಯೋಗಿ. ಹನ್ನೊಂದು ವರ್ಷದಿಂದ ಪಣಂಬೂರು, ತಣ್ಣೀರುಬಾವಿ ಬೀಚಿನಲ್ಲಿ ನಿಂತು ಹಡಗುಗಳ ಫೋಟೊ ತೆಗೆಯುತ್ತಿದ್ದೇನೆ. ಸುಮಾರು 1,400 ಫೋಟೊಗಳನ್ನು ಆನ್‌ಲೈನಿನ ಒಂದು ಹಡಗು ಫೋಟೊ ಗ್ರೂಪಿಗೆ ಹಾಕಿದ್ದೇನೆ. ಕಳೆದ ಎರಡು ತಿಂಗಳಲ್ಲಿ ಮಾಡರೇಟರ್‌ಗಳು ನನ್ನ ನಾಲ್ಕು ಫೋಟೊ ತೆಗೆದುಹಾಕಿದರು. ಒಂದು ಕೋಸ್ಟ್ ಗಾರ್ಡ್ ಹಡಗಿನದು. ಇನ್ನೊಂದಕ್ಕೆ ಹಡಗಿನ ಹೆಸರು, ನಂಬರ್ ಎರಡೂ ತಪ್ಪು ಎಂದರು. ಹಡಗಿನ ಮೈಮೇಲೆ ಬರೆದಿದ್ದ ಹೆಸರನ್ನೇ ನಾನು ಹಾಕಿದ್ದೆ! ಮೂರನೆಯದು ‘ತಿದ್ದಿದ ಫೋಟೊ’ ಅಂತೆ. ಮೊಬೈಲ್ ಆ್ಯಪ್‌ನಲ್ಲಿ ಸ್ವಲ್ಪ ಕ್ಲಿಯರ್ ಮಾಡಿದ್ದೆ ಅಷ್ಟೆ. ನಾಲ್ಕನೆಯದು 2025ರ ಜೂನ್‌ನಲ್ಲಿ ಬೆಂಕಿ ಬಿದ್ದ ವಾನ್ ಹೈ 503 ಹಡಗಿನಿಂದ ಪಾರಾಗಿ ಬಂದ ನಾವಿಕರದು, ಬಂದರಿನೊಳಗೆ ಕೆಲಸ ಮಾಡುವ ಗೆಳೆಯ ಕಳಿಸಿದ್ದು. ಯಾಕೆ ಹೀಗೆ ಅಂತ ಕೇಳಿದ್ದಕ್ಕೆ ಮಾತಿಗೆ ಮಾತು ಬೆಳೆದು 30 ದಿನ ನನ್ನನ್ನು ಅಮಾನತು ಮಾಡಿದ್ದಾರೆ. ಅವರ ಆಪ್ತರೊಬ್ಬರು ಹಾಕಿದ ಕೋಸ್ಟ್ ಗಾರ್ಡ್ ಫೋಟೊ ಮಾತ್ರ ಇನ್ನೂ ಹಾಗೇ ಇದೆ. ಅಪ್‌ಲೋಡ್ ಮಾಡಿದ ಮೇಲೆ ಫೋಟೊ ಗ್ರೂಪಿನ ಸ್ವತ್ತು ಎಂದು ಒಬ್ಬರು ಹೇಳುತ್ತಾರೆ. ಹಡಗಿನ ಫೋಟೊ ತೆಗೆಯುವುದೇ ಅಪರಾಧ, ಸುಮ್ಮನಿರಿ ಎಂದು ಇನ್ನೊಬ್ಬರು. ಈ ನಡುವೆ ಒಂದು ಯೂಟ್ಯೂಬ್ ಚಾನೆಲ್ ನನ್ನ ಫೋಟೊಗಳನ್ನು ಹೆಸರು ಹಾಕದೆ ಬಳಸಿದೆ. ನಾನು ಕೇಸು ಹಾಕಬಹುದಾ? ಎಲ್ಲ ಫೋಟೊ ವಾಪಸ್ ತೆಗೆಸಲಾ? ಬೇರೆ ಗ್ರೂಪು ಶುರು ಮಾಡಲಾ? ಇನ್ನೊಂದು ಸಣ್ಣ ವಿಷಯ: ಹಳೆ ಬಂದರಿನ ಮಂಜಿಗಳ (ಸರಕು ಸಾಗಿಸುವ ಮರದ ಹಡಗುಗಳ) ಫೋಟೊ ನನ್ನ ಹತ್ತಿರ ರಾಶಿ ಇವೆ. ಅವನ್ನು ಅವರು ತೆಗೆದುಕೊಳ್ಳುವುದೇ ಇಲ್ಲ.

ಉತ್ತರ: ಮೊದಲು ನನ್ನ ಬಗ್ಗೆ ಒಂದು ಮಾತು. ಹದಿನಾಲ್ಕು ವರ್ಷ ಹಡಗಿನಲ್ಲಿ ದುಡಿದು, ಆಮೇಲೆ ಪಣಂಬೂರಿನ ಬಂದರಿನಲ್ಲಿ ಹಡಗು ಪರಿಶೀಲಿಸುವ ಸರ್ವೇಯರ್ ಆಗಿದ್ದವನು ನಾನು. ಇಂಥದ್ದೇ ಒಂದು ಗ್ರೂಪಿನಲ್ಲಿ ಆರು ವರ್ಷ ಮಾಡರೇಟರ್ ಕೂಡ ಆಗಿದ್ದೆ. ಹಾಗಾಗಿ ನಿಮ್ಮ ಸಿಟ್ಟೂ ಗೊತ್ತು, ಆ ಕಡೆ ಕೂತವರ ಸುಸ್ತೂ ಗೊತ್ತು. ವಕೀಲನಲ್ಲ. ಕಾನೂನಿನ ವಿಷಯ ಕೆಲಸದ ದಾರಿಯಲ್ಲಿ ಕಲಿತದ್ದು. ಕೋರ್ಟಿನ ಮೆಟ್ಟಿಲು ಹತ್ತುವುದಾದರೆ ವಕೀಲರನ್ನೇ ಕೇಳಿ.

ನಿಮ್ಮ ಪತ್ರದಲ್ಲಿ ಮೇಲ್ನೋಟಕ್ಕೆ ಕಾಣುವುದು ಒಂದು ಜಗಳ. ಬಿಡಿಸಿ ನೋಡಿದರೆ ಮೂರಿವೆ. ಫೋಟೊ ಯಾರದ್ದು ಅನ್ನುವುದು ಒಂದು. ಅದನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸುವವರು ಯಾರು ಅನ್ನುವುದು ಇನ್ನೊಂದು. ಫೋಟೊದ ಕೆಳಗಿನ ಮಾಹಿತಿ ಸರಿಯಾ ಅನ್ನುವುದು ಮೂರನೆಯದು. ಮೊದಲನೆಯದರಲ್ಲಿ ಕಾನೂನು ನಿಮ್ಮ ಕಡೆಗಿದೆ. ಎರಡನೆಯದರಲ್ಲಿ ಅವರ ಕಡೆಗಿದೆ. ಮೂರನೆಯದು ಕಾನೂನಿನ ವಿಷಯವೇ ಅಲ್ಲ, ಅಲ್ಲಿ ಹಡಗು ಏನು ಹೇಳುತ್ತದೋ ಅದೇ. ನೀವು ಮೂರನ್ನೂ ಕಲಸಿ ಒಂದೇ ಮೆಸೇಜಿನಲ್ಲಿ ಹಾಕಿದ್ದೀರಿ. ಅವರೂ ಮೂರಕ್ಕೂ ಸೇರಿಸಿ ‘ನಿಯಮ ಉಲ್ಲಂಘನೆ’ ಅಂತ ಒಂದೇ ಉತ್ತರ ಕೊಟ್ಟಿದ್ದಾರೆ. ಜಗಳ ಬೆಳೆಯದೆ ಇನ್ನೇನಾಗುತ್ತದೆ?

‘ಅಪ್‌ಲೋಡ್ ಮಾಡಿದರೆ ಗ್ರೂಪಿನ ಸ್ವತ್ತು’ ಅನ್ನುವುದು ಸುಳ್ಳು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೊ ತೆಗೆದವನೇ ಅದರ ಕರ್ತೃ. ನೋಂದಣಿ ಬೇಕಿಲ್ಲ, ಮೂಲೆಯಲ್ಲಿ ಹೆಸರು ಹಾಕಬೇಕೆಂದೂ ಇಲ್ಲ. 2012ರ ತಿದ್ದುಪಡಿಯ ನಂತರ ಈ ಹಕ್ಕು ನಿಮ್ಮ ಜೀವಮಾನ, ಅದರ ಮೇಲೆ 60 ವರ್ಷ ಇರುತ್ತದೆ. ಹಕ್ಕನ್ನು ಇನ್ನೊಬ್ಬರಿಗೆ ವರ್ಗಾಯಿಸಬೇಕಾದರೆ ಕಾಯ್ದೆಯ 19ನೇ ಕಲಂ ಪ್ರಕಾರ ಬರಹದಲ್ಲಿರಬೇಕು, ನಿಮ್ಮ ಸಹಿ ಇರಬೇಕು. ಸೇರುವಾಗ ನೀವು ಒಪ್ಪಿದ ನಿಯಮಗಳಲ್ಲಿ ಸಾಮಾನ್ಯವಾಗಿ ಇರುವುದು ‘ತೋರಿಸಲು ಅನುಮತಿ’ ಮಾತ್ರ. ಅದು ಬಾಡಿಗೆ ಚೀಟಿ ಇದ್ದ ಹಾಗೆ, ಮಾರಾಟ ಪತ್ರ ಅಲ್ಲ. ಆದರೂ ಒಮ್ಮೆ ಆ ನಿಯಮಗಳನ್ನು ಓದಿ ನೋಡಿ. ನೀವು ಬಿಟ್ಟು ಹೋದ ಮೇಲೂ ಫೋಟೊ ಇಟ್ಟುಕೊಳ್ಳುತ್ತೇವೆ ಎಂದು ಕೆಲವು ಕಡೆ ಬರೆದಿರುತ್ತಾರೆ.

ಇಷ್ಟು ಕೇಳಿದ ಕೂಡಲೇ ‘ನನ್ನ ಸ್ವತ್ತನ್ನು ಅವರು ಹೇಗೆ ತೆಗೆದುಹಾಕಿದರು’ ಎಂದು ನೀವು ಕೇಳುತ್ತೀರಿ. ಅದೇ ಕಾಯ್ದೆಯ 57ನೇ ಕಲಂ ಕರ್ತೃವಿನ ವಿಶೇಷ ಹಕ್ಕುಗಳದ್ದು. ನಿಮ್ಮ ಕೃತಿಗೆ ನಿಮ್ಮ ಹೆಸರಿರಬೇಕು, ನಿಮ್ಮ ಮಾನಕ್ಕೆ ಕುಂದು ಬರುವಂತೆ ಅದನ್ನು ಯಾರೂ ವಿರೂಪ ಮಾಡಬಾರದು ಎಂದು ಅದು ಹೇಳುತ್ತದೆ. ಅದರ ಕೆಳಗೆ ಒಂದು ಪುಟ್ಟ ವಿವರಣೆ ಇದೆ. ಕೃತಿಯನ್ನು ಪ್ರದರ್ಶಿಸದೇ ಇರುವುದು, ಅಥವಾ ಕರ್ತೃವಿಗೆ ತೃಪ್ತಿಯಾಗುವ ಹಾಗೆ ಪ್ರದರ್ಶಿಸದೇ ಇರುವುದು ಈ ಹಕ್ಕಿನ ಉಲ್ಲಂಘನೆ ಅಲ್ಲ. ನಮ್ಮ ಗ್ರೂಪಿಗೆಂದೇ ಬರೆದಿಟ್ಟ ಹಾಗಿದೆ ಅಲ್ವಾ? ವಾಕ್ ಸ್ವಾತಂತ್ರ್ಯದ ಮಾತೂ ಅಷ್ಟೇ. ಸಂವಿಧಾನದ 19ನೇ ವಿಧಿ ಮುಖ್ಯವಾಗಿ ಸರ್ಕಾರದ ಕೈ ಕಟ್ಟುತ್ತದೆ. ಸಂಜೆ ಬಿಡುವಿನಲ್ಲಿ ಕೂತು ಫೋಟೊ ನೋಡುವ ನಾಲ್ಕು ಜನ ಹವ್ಯಾಸಿಗಳ ಕೈಯನ್ನು ಅದರಿಂದ ಕಟ್ಟಿಸುವುದು ಕಷ್ಟ. ಹಾಗಾಗಿ ಮಾಡರೇಟರ್‌ಗಳ ಮೇಲೆ ಕೇಸು ಹಾಕುವ ಯೋಚನೆ ಬಿಡಿ. ದುಡ್ಡು, ಸಮಯ, ನೆಮ್ಮದಿ ಮೂರೂ ಹೋಗುತ್ತವೆ.

ಈಗ ನಾಲ್ಕು ಫೋಟೊಗಳಿಗೆ ಬರೋಣ. ನಾನು ಅವರ ಜಾಗದಲ್ಲಿದ್ದರೆ ಎರಡನ್ನು ತೆಗೆದುಹಾಕುತ್ತಿದ್ದೆ, ಒಂದನ್ನು ವಾಪಸ್ ಕಳಿಸಿ ಒರಿಜಿನಲ್ ಕೇಳುತ್ತಿದ್ದೆ, ಒಂದನ್ನು ಉಳಿಸಿಕೊಳ್ಳುತ್ತಿದ್ದೆ.

ಉಳಿಸಿಕೊಳ್ಳುತ್ತಿದ್ದದ್ದು ಹೆಸರಿನ ತಕರಾರಿನದು. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ. ನಾನು ಕಂಡ ಜಗಳಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲೇ.

ಹಡಗಿನ ಹೆಸರು ಬರೀ ಬಣ್ಣ. ಮಾಲೀಕರು ಬದಲಾದರೆ ಹೆಸರೂ ಬದಲಾಗುತ್ತದೆ. ಲಂಗರು ಹಾಕಿ ನಿಂತಿರುವಾಗಲೇ ಮಾರಾಟ ಮುಗಿದು, ಕಾಗದದಲ್ಲಿ ಹೊಸ ಹೆಸರು ಬಂದು, ರೇಡಿಯೊದಲ್ಲಿ ಹೊಸ ಹೆಸರು ಕೂಗಿ, ಮೈಮೇಲೆ ಮಾತ್ರ ಹಳೆಯದೇ ಉಳಿದಿರುತ್ತದೆ. ಬಣ್ಣ ಬಳಿಯುವವನು ಹಗ್ಗದಲ್ಲಿ ಇಳಿಯುವುದು ಎರಡು ದಿನ ಬಿಟ್ಟು. ಹಲವು ಹಡಗುಗಳಲ್ಲಿ ಅಕ್ಷರಗಳ ಅಂಚನ್ನು ವೆಲ್ಡಿಂಗ್‌ನಲ್ಲಿ ಎಬ್ಬಿಸಿರುತ್ತಾರೆ. ಮೇಲೆ ಹೊಸ ಬಣ್ಣ ಬಳಿದರೂ ಬೆಳಗಿನ ಓರೆ ಬಿಸಿಲಿಗೆ ಹಳೆ ಹೆಸರು ಉಬ್ಬಿ ಕಾಣುತ್ತದೆ. ಗುಜರಾತಿನ ಅಲಂಗ್‌ಗೆ ಒಡೆಯಲು ಹೋಗುವ ಹಡಗುಗಳದ್ದು ಇನ್ನೂ ತಮಾಷೆ. ಕೊನೆಯ ಒಂದು ಪ್ರಯಾಣಕ್ಕೆ ಯಾಕೆ ಖರ್ಚು ಅಂತ ಇದ್ದ ಹೆಸರಿನ ಎರಡು ಮೂರು ಅಕ್ಷರಕ್ಕೆ ಬಣ್ಣ ಹೊಡೆದು, ಉಳಿದದ್ದನ್ನೇ ಹೊಸ ಹೆಸರು ಮಾಡಿಬಿಡುತ್ತಾರೆ.

1989ರ ಮಾರ್ಚ್ 24ರಂದು ಅಲಾಸ್ಕದಲ್ಲಿ ಬಂಡೆಗೆ ಬಡಿದು ಕಡಲಿಗೆಲ್ಲ ಎಣ್ಣೆ ಚೆಲ್ಲಿದ ಎಕ್ಸಾನ್ ವಾಲ್ಡೀಜ್ ಹೆಸರು ಕೇಳಿರುತ್ತೀರಿ. ಆ ಹಡಗು ಆಮೇಲೆ ಹಲವು ಹೆಸರು ಬದಲಿಸಿತು. ಎಣ್ಣೆ ಹಡಗಾಗಿದ್ದದ್ದು ಅದಿರು ಸಾಗಿಸುವ ಡಾಂಗ್ ಫಾಂಗ್ ಓಷನ್ ಆಯಿತು. 2012ರಲ್ಲಿ ಓರಿಯೆಂಟಲ್ ನೈಸಿಟಿ ಎಂಬ ಹೆಸರಿನಲ್ಲಿ ಅಲಂಗ್‌ಗೆ ಬಂತು. ದಡಕ್ಕೆ ತರಲು ನಮ್ಮ ಸುಪ್ರೀಂ ಕೋರ್ಟಿನ ಅನುಮತಿಯೂ ಬೇಕಾಯಿತು. ಇದರ 1989ರ ಫೋಟೊಕ್ಕೆ ‘ಓರಿಯೆಂಟಲ್ ನೈಸಿಟಿ’ ಎಂದು ಬರೆದರೆ ತಪ್ಪಾ? ಒಂದು ಗ್ರೂಪು ಫೋಟೊ ತೆಗೆದ ದಿನದ ಹೆಸರು ಕೇಳುತ್ತದೆ, ಇನ್ನೊಂದು ಕೊನೆಯ ಹೆಸರಿನಡಿ ಜೋಡಿಸುತ್ತದೆ. ನೀವು ಒಂದು ಲೆಕ್ಕದಲ್ಲಿ ಸರಿ, ಅವರು ಇನ್ನೊಂದು ಲೆಕ್ಕದಲ್ಲಿ ಸರಿ.

ಇದಕ್ಕೆಂದೇ ಅಂತರರಾಷ್ಟ್ರೀಯ ಕಡಲ ಸಂಸ್ಥೆಯ (ಐಎಂಒ) ನಂಬರ್ ಬಂದದ್ದು. 1987ರಲ್ಲಿ ಪದ್ಧತಿ ಶುರುವಾಯಿತು, 1996ರ ಜನವರಿ 1ರಿಂದ ಕಡ್ಡಾಯವಾಯಿತು. 2004ರ ನಂತರ ಹಡಗಿನ ಮೈಮೇಲೆ ಅಳಿಸಲಾಗದಂತೆ ಅದನ್ನು ಕೊರೆಯಬೇಕು ಅಥವಾ ವೆಲ್ಡ್ ಮಾಡಬೇಕು, ಅಂಕಿಗಳು ಕನಿಷ್ಠ 20 ಸೆಂಟಿಮೀಟರ್ ಎತ್ತರ ಇರಬೇಕು. ಏಳು ಅಂಕಿ. ಹೆಸರು, ಬಾವುಟ, ಮಾಲೀಕ ಯಾರು ಬದಲಾದರೂ ಗುಜರಿಗೆ ಹೋಗುವವರೆಗೆ ಈ ನಂಬರ್ ಬದಲಾಗುವುದಿಲ್ಲ. ಎಕ್ಸಾನ್ ವಾಲ್ಡೀಜ್ ಹುಟ್ಟಿದಾಗಲೂ 8414520, ಅಲಂಗ್‌ನ ಕೆಸರಿನಲ್ಲಿ ಕೂತಾಗಲೂ 8414520.

ಏಳನೆಯ ಅಂಕಿ ಲೆಕ್ಕ ತಾಳೆ ನೋಡಲು ಇರುವುದು. ಮೊದಲ ಆರು ಅಂಕಿಗಳನ್ನು ಕ್ರಮವಾಗಿ 7, 6, 5, 4, 3, 2ರಿಂದ ಗುಣಿಸಿ ಕೂಡಿಸಿ. ಮೊತ್ತದ ಕೊನೆಯ ಅಂಕಿ, ನಂಬರಿನ ಕೊನೆಯ ಅಂಕಿಗೆ ಹೊಂದಬೇಕು. 8414520ಕ್ಕೆ 56, 24, 5, 16, 15, 4 ಕೂಡಿಸಿದರೆ 120. ಕೊನೆಗೆ ಸೊನ್ನೆ, ತಾಳೆ ಆಯಿತು. ನೀವು ಬ್ಯಾಂಕಿನವರು, ಇಂಥ ತಾಳೆ ಅಂಕಿ ನಿಮಗೆ ಹೊಸತಲ್ಲ.

ಆದರೆ ಇದರಲ್ಲೊಂದು ತೂತು ಇದೆ. ಮಾಡರೇಟರ್‌ಗಳಲ್ಲೂ ಹಲವರಿಗೆ ಗೊತ್ತಿಲ್ಲ. 2025ರ ಮೇ 25ರಂದು ಕೊಚ್ಚಿ ಹೊರಗೆ ಮುಳುಗಿದ ಎಂಎಸ್‌ಸಿ ಎಲ್ಸಾ 3ರ ನಂಬರ್ 9123221. ಲೆಕ್ಕ ಮಾಡಿದರೆ ಮೊತ್ತ 101, ಸರಿ. ಈಗ ನಾಲ್ಕನೆಯ ಅಂಕಿ 3 ನಿಮಗೆ ದೂರದಿಂದ 8ರ ಹಾಗೆ ಕಂಡಿತು ಅಂದುಕೊಳ್ಳಿ. 9128221. ಮೊತ್ತ 121, ಕೊನೆಗೆ ಮತ್ತೆ 1. ಅದೂ ‘ಸರಿ’! ಎರಡು, ನಾಲ್ಕು, ಆರನೆಯ ಜಾಗದಲ್ಲಿ 3ನ್ನು 8 ಎಂದು ಓದಿದರೆ ಈ ತಾಳೆಗೆ ಗೊತ್ತೇ ಆಗುವುದಿಲ್ಲ. ವ್ಯತ್ಯಾಸ 5, ಅದಕ್ಕೆ ಸಮಸಂಖ್ಯೆಯ ಗುಣಾಕಾರ ಬಿದ್ದರೆ ಕೊನೆಯ ಅಂಕಿ ಕದಲುವುದಿಲ್ಲ. ತುಕ್ಕು ಹಿಡಿದ ಹಡಗಿನ ಮೇಲೆ ನಾವು ಅತಿ ಹೆಚ್ಚು ತಪ್ಪು ಓದುವುದೂ 3 ಮತ್ತು 8ನ್ನೇ. ನಿಮ್ಮ ಎರಡನೆಯ ಫೋಟೊದ ಒರಿಜಿನಲ್ ತೆಗೆದು ಈ ಮೂರು ಜಾಗಗಳನ್ನು ಒಮ್ಮೆ ಹಿಗ್ಗಿಸಿ ನೋಡಿ. ನೀವು ಹಾಕಿದ ನಂಬರ್ ಇನ್ಯಾವುದೋ ಹಡಗಿನದಾಗಿದ್ದರೆ, ಮಾಡರೇಟರಿನ ಪರದೆಯಲ್ಲಿ ಹೆಸರೂ ತಪ್ಪಾಗಿಯೇ ಕಂಡಿರುತ್ತದೆ. ತಕರಾರು ಅಲ್ಲಿಗೇ ಮುಗಿಯಬಹುದು. ಇನ್ನು ಮುಂದೆ ಕ್ಯಾಪ್ಶನ್‌ನಲ್ಲಿ ಮೈಮೇಲೆ ಕಂಡ ಹೆಸರು, ಆ ದಿನ ಹಡಗು ತನ್ನ ಗುರುತನ್ನು ತಾನೇ ರೇಡಿಯೊದಲ್ಲಿ ಸಾರುವ ಎಐಎಸ್‌ನಲ್ಲಿ ಬಂದ ಹೆಸರು, ನಂಬರ್, ದಿನಾಂಕ ನಾಲ್ಕನ್ನೂ ಬರೆಯಿರಿ. ಆಗ ಯಾರಿಗೂ ಅಳಿಸಲು ಕಾರಣ ಸಿಗುವುದಿಲ್ಲ, ತಿದ್ದಲು ಮಾತ್ರ ಸಿಗುತ್ತದೆ.

ಮೂರನೆಯ ಫೋಟೊ ಇದಕ್ಕೆ ಅಂಟಿಕೊಂಡೇ ಬರುತ್ತದೆ. ‘ಸ್ವಲ್ಪ ಕ್ಲಿಯರ್ ಮಾಡಿದ್ದೆ ಅಷ್ಟೆ’ ಎಂದಿದ್ದೀರಿ. ಬೆಳಕು ಹೆಚ್ಚು ಮಾಡಿದ್ದು, ಓರೆಯಾದ ದಿಗಂತ ನೇರ ಮಾಡಿದ್ದು ಆದರೆ ತೊಂದರೆ ಇಲ್ಲ. ಈಗಿನ ಆ್ಯಪ್‌ಗಳು ಮಾಡುವುದು ಬೇರೆ. ಮಸುಕಾದ ಜಾಗದಲ್ಲಿ ಏನಿರಬಹುದು ಎಂದು ಊಹಿಸಿ ಅವೇ ಬರೆದುಬಿಡುತ್ತವೆ. ಮುಖ ಆದರೆ ನಮಗೆ ಚಂದ ಕಾಣುತ್ತದೆ. ಹಡಗಿನ ಮೇಲೆ ಅಕ್ಷರಗಳ ಬದಲು ಅಕ್ಷರದ ಹಾಗಿರುವ ಏನೋ ಬರುತ್ತದೆ. ನೀರಿನ ಮಟ್ಟ ತೋರಿಸುವ ಡ್ರಾಫ್ಟ್ ಅಂಕಿಗಳು, ಹಡಗು ಎಷ್ಟು ಭಾರ ಹೊರಬಹುದು ಎಂದು ಹೇಳುವ ಪ್ಲಿಮ್ಸಾಲ್ ಗುರುತು, ಬದಿಯ ಹಳೆ ಗುದ್ದು, ಎಲ್ಲ ನುಣ್ಣಗಾಗಿಬಿಡುತ್ತದೆ. ನಿಮಗೆ ಇದು ಚಿಕ್ಕದು ಅನ್ನಿಸಬಹುದು. ನಾನು ಸರ್ವೇಯರ್ ಆಗಿದ್ದಾಗ ಒಂದು ವಿಮೆ ತಕರಾರಿನಲ್ಲಿ, ಹಡಗಿನ ಬದಿಯ ತಗ್ಗು ನಮ್ಮ ಬಂದರಿನಲ್ಲಿ ಆದದ್ದೇ ಅಲ್ಲ ಎಂದು ಗೊತ್ತಾಗಿದ್ದು ಯಾರೋ ಹವ್ಯಾಸಿ ಬೇರೆ ದೇಶದಲ್ಲಿ ಹಿಂದಿನ ವರ್ಷ ತೆಗೆದಿದ್ದ ಫೋಟೊದಿಂದ. ಅವನು ಅದನ್ನು ‘ಕ್ಲಿಯರ್’ ಮಾಡಿದ್ದರೆ ಆ ತಗ್ಗು ಇರುತ್ತಿರಲಿಲ್ಲ. ಒರಿಜಿನಲ್ ಕಳಿಸಿ, ಹಾಕಿಕೊಳ್ಳುತ್ತಾರೆ.

ಕೋಸ್ಟ್ ಗಾರ್ಡ್ ಫೋಟೊದ ವಿಷಯ. ‘ಹಡಗಿನ ಫೋಟೊ ತೆಗೆಯುವುದೇ ಅಪರಾಧ’ ಅನ್ನುವುದು ತಪ್ಪು ಮಾತು. ಸಾರ್ವಜನಿಕ ಬೀಚಿನಲ್ಲಿ ನಿಂತು, ಎಲ್ಲರ ಕಣ್ಣಿಗೂ ಕಾಣುವ ವ್ಯಾಪಾರಿ ಹಡಗಿನ ಫೋಟೊ ತೆಗೆದರೆ ಯಾವ ಅಪರಾಧವೂ ಇಲ್ಲ. ಆದರೆ 1923ರ ಅಧಿಕೃತ ರಹಸ್ಯಗಳ ಕಾಯ್ದೆಯಲ್ಲಿ ‘ನಿಷೇಧಿತ ಸ್ಥಳ’ ಎಂಬುದರ ಅರ್ಥ ಬಹಳ ಅಗಲ. ನೌಕಾನೆಲೆ ಮಾತ್ರವಲ್ಲ, ಸರ್ಕಾರಕ್ಕೆ ಸೇರಿದ ಹಡಗೂ ಅದರೊಳಗೆ ಬರುತ್ತದೆ. ಗೂಢಚಾರಿಕೆಯ ಅಪರಾಧಕ್ಕೆ ದೇಶದ ಭದ್ರತೆಗೆ ಅಥವಾ ಹಿತಕ್ಕೆ ಕೇಡಾಗುವ ಉದ್ದೇಶ ಬೇಕು, ನಿಜ. ಆ ಉದ್ದೇಶ ನಿಮಗಿಲ್ಲ ಎಂದು ನನಗೆ ಗೊತ್ತು. ಠಾಣೆಯಲ್ಲಿ ಕೂತು ಅದನ್ನು ವಿವರಿಸುವ ಸಂದರ್ಭ ಯಾಕೆ ಬೇಕು? ಕಾರವಾರದ ನೌಕಾನೆಲೆಯ ಮಾಹಿತಿ ಹೊರಗೆ ಹೋದ ಆರೋಪದಲ್ಲಿ 2025ರ ಫೆಬ್ರವರಿಯಲ್ಲಿ ಎನ್‌ಐಎ ಇಬ್ಬರನ್ನು ಬಂಧಿಸಿದ ಸುದ್ದಿ ನೀವೂ ಓದಿರುತ್ತೀರಿ. ಕರಾವಳಿಯಲ್ಲಿ ಈಗ ಗಾಳಿಯೇ ಹಾಗಿದೆ. ಸಮವಸ್ತ್ರದ ಹಡಗು ಬೇಕೇ ಬೇಕು ಅಂದರೆ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಮ್ಯೂಸಿಯಂ ಆಗಿ ನಿಂತಿದೆ. ಎಷ್ಟು ಬೇಕೋ ಅಷ್ಟು ತೆಗೆಯಿರಿ. ಡ್ರೋನ್ ಹಾರಿಸುವ ಆಸೆ ಇದ್ದರೆ ಮೊದಲು ಎಲ್ಲಿ ಹಾರಿಸಬಹುದು ಎಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿ. ಬಂದರಿನ ಹತ್ತಿರ ‘ನೋಡೋಣ’ ಅನ್ನುವ ಧೈರ್ಯ ಬೇಡ.

ಮಾಡರೇಟರ್‌ಗಳು ಇಂಥ ಫೋಟೊ ಕಂಡರೆ ಬೆಚ್ಚುವುದಕ್ಕೆ ಇನ್ನೊಂದು ಕಾರಣ, ಸದಸ್ಯರು ಹಾಕಿದ್ದಕ್ಕೆಲ್ಲ ಅಡ್ಮಿನ್ ಜೈಲಿಗೆ ಹೋಗುತ್ತಾನೆ ಎಂಬ ನಂಬಿಕೆ. ಇದೂ ಪೂರ್ತಿ ನಿಜ ಅಲ್ಲ. ವಾಟ್ಸ್‌ಆ್ಯಪ್ ಗ್ರೂಪಿನ ಸದಸ್ಯನ ಪೋಸ್ಟಿಗೆ ಅಡ್ಮಿನ್ ಹೊಣೆಯಲ್ಲ ಎಂದು 2021ರಲ್ಲಿ ಬಾಂಬೆ ಹೈಕೋರ್ಟ್, 2022ರಲ್ಲಿ ಕೇರಳ ಹೈಕೋರ್ಟ್ ಹೇಳಿವೆ. ಆದರೂ ರಾತ್ರಿ ಹತ್ತೂವರೆಗೆ ಮೊಬೈಲಿನಲ್ಲಿ ಫೋಟೊ ನೋಡುತ್ತಿರುವವನಿಗೆ ಹೈಕೋರ್ಟ್ ತೀರ್ಪು ನೆನಪಾಗುವುದಿಲ್ಲ. ಹೆಂಡತಿ ಮಕ್ಕಳು ನೆನಪಾಗುತ್ತಾರೆ. ಡಿಲೀಟ್ ಒತ್ತಿ ಮಲಗುತ್ತಾನೆ. ನಾನೂ ಹಾಗೆ ಒತ್ತಿದ್ದೇನೆ.

ಆಪ್ತರ ಫೋಟೊ ಉಳಿದಿದೆ ಎಂದಿರಲ್ಲ, ಅದಕ್ಕೆ ನನ್ನ ಹತ್ತಿರ ಸಮರ್ಥನೆ ಇಲ್ಲ. ಪಕ್ಷಪಾತ ಇರುತ್ತದೆ. ಹೊಸಬರ ಫೋಟೊವನ್ನು ಹಿಗ್ಗಿಸಿ ನೋಡುತ್ತೇವೆ, ಹತ್ತು ವರ್ಷದ ಪರಿಚಯದವರದ್ದನ್ನು ಹೆಸರು ನೋಡಿಯೇ ಬಿಡುತ್ತೇವೆ. ಎಷ್ಟೋ ಸಲ ಅದು ಕೆಟ್ಟ ಬುದ್ಧಿ ಅಲ್ಲ, ಬರೀ ಸೋಮಾರಿತನ. ನೀವು ಇದನ್ನು ಎತ್ತಿ ಹೇಳುವುದು ನ್ಯಾಯವೇ. ಆದರೆ ‘ಅವರದ್ದನ್ನೂ ತೆಗೆಯಿರಿ’ ಎಂದು ಕೇಳಬಹುದು, ‘ಅದಕ್ಕೇ ನನ್ನದನ್ನೂ ಹಾಕಿ’ ಎಂದು ಕೇಳಲಾಗದು.

ನಾಲ್ಕನೆಯ ಫೋಟೊ ಬಗ್ಗೆ ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಇಡೀ ಪತ್ರದಲ್ಲಿ ನೀವು ಅರ್ಧ ಸಾಲಿನಲ್ಲಿ ದಾಟಿಸಿದ ಮಾತು ಇದು, ನನಗೆ ಅತಿ ಹೆಚ್ಚು ಭಯ ಹುಟ್ಟಿಸಿದ್ದೂ ಇದೇ. ಆ ಫೋಟೊ ನಿಮ್ಮದಲ್ಲ. ತೆಗೆದದ್ದು ಗೆಳೆಯರು. ಮೇಲೆ ಹೇಳಿದ ಹಕ್ಕೆಲ್ಲ ಅವರದ್ದು. ಅದಕ್ಕಿಂತ ದೊಡ್ಡ ವಿಷಯ, ಅವರು ನಿಂತಿದ್ದದ್ದು ಬಂದರಿನೊಳಗೆ. 2004ರ ಜುಲೈ 1ರಿಂದ ಹಡಗು ಮತ್ತು ಬಂದರುಗಳ ಭದ್ರತೆಗೆ ಐಎಸ್‌ಪಿಎಸ್ ಎಂಬ ಅಂತರರಾಷ್ಟ್ರೀಯ ನಿಯಮಾವಳಿ ಇದೆ. ಪಾಸ್ ಇದ್ದವರು ಮಾತ್ರ ಒಳಗೆ, ಅನುಮತಿ ಇಲ್ಲದೆ ಕ್ಯಾಮೆರಾ ಇಲ್ಲ. ಯಾವ ಕೋನದಿಂದ ತೆಗೆದದ್ದು ಎಂದು ನೋಡಿದರೆ ಯಾರು, ಎಲ್ಲಿ ನಿಂತಿದ್ದರು ಎಂದು ಒಳಗಿನವರಿಗೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ನಿಮಗೆ 30 ದಿನ ಅಮಾನತು, ಅವರಿಗೆ ಪಾಸೂ ಹೋಗುತ್ತದೆ, ಕೆಲಸವೂ ಹೋಗುತ್ತದೆ.

ಇನ್ನು ಆ ನಾವಿಕರು. ಹಡಗಿನಲ್ಲಿದ್ದ 22 ಜನರಲ್ಲಿ 18 ಜನರನ್ನು ಐಎನ್‌ಎಸ್ ಸೂರತ್ ಪಣಂಬೂರಿಗೆ ತಂದಿತು. ನಾಲ್ವರು ಸಿಕ್ಕಿರಲಿಲ್ಲ. ಸುಟ್ಟ ಗಾಯದಲ್ಲಿ ದಡ ಮುಟ್ಟಿದವನ ಮುಖವನ್ನು ಅವನ ತಾಯಿ ಮೊದಲು ನೋಡಬೇಕಾದದ್ದು ಇಂಟರ್‌ನೆಟ್ಟಿನಲ್ಲಿ ಅಲ್ಲ. ನಾನು ಹಡಗಿನಲ್ಲಿದ್ದವನು, ಈ ವಿಷಯದಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಮಾತಾಡುತ್ತೇನೆ. ಅಪಘಾತದ ಹಡಗಿನ ಫೋಟೊ ತೆಗೆಯಿರಿ, ಅದು ದಾಖಲೆ. 2022ರ ಜೂನ್‌ನಲ್ಲಿ ಉಳ್ಳಾಲದ ಹೊರಗೆ ಪ್ರಿನ್ಸೆಸ್ ಮಿರಾಲ್ ವಾಲಿಕೊಂಡಾಗ ದಡದಿಂದ ತೆಗೆದ ಫೋಟೊಗಳು ಬೇಕಾದವೇ. ಮನುಷ್ಯರ ಮುಖ ಬೇಡ. ಮಾಡರೇಟರ್‌ಗಳು ನಿಮ್ಮ ಗೆಳೆಯರನ್ನು ಉಳಿಸಿದ್ದಾರೆ. ಮೊಬೈಲಿನಲ್ಲಿ, ಬೇರೆ ಗ್ರೂಪುಗಳಲ್ಲಿ ಅದರ ಪ್ರತಿ ಇದ್ದರೆ ಇವತ್ತೇ ತೆಗೆಯಿರಿ.

ಹಾಗಾದರೆ ಈಗ ಮಾಡುವುದೇನು? ಅಮಾನತಿನ ದಿನಗಳನ್ನು ಸುಮ್ನೆ ಕಳೆಯಬೇಡಿ. 1,400 ಫೋಟೊಗಳ ಒರಿಜಿನಲ್ ಎಲ್ಲಿವೆ ಎಂದು ಹುಡುಕಿ ಎರಡು ಹಾರ್ಡ್ ಡಿಸ್ಕಿಗೆ ಹಾಕಿ. ಗ್ರೂಪನ್ನು ಗೋದಾಮು ಎಂದು ನಂಬಿದವರು ಅತ್ತದ್ದನ್ನು ನೋಡಿದ್ದೇನೆ. ಅವಧಿ ಮುಗಿದ ಮೇಲೆ ಒಂದೇ ಒಂದು ಮೆಸೇಜು ಕಳಿಸಿ. ಅದರಲ್ಲಿ ಎರಡನೆಯ, ಮೂರನೆಯ ಫೋಟೊಗಳ ವಿಷಯ ಮಾತ್ರ ಇರಲಿ, ಒರಿಜಿನಲ್ ಫೈಲ್ ಲಗತ್ತಿಸಿರಲಿ. ಕೋಸ್ಟ್ ಗಾರ್ಡ್ ಮತ್ತು ನಾವಿಕರ ಫೋಟೊ ಅವರು ತೆಗೆದುಹಾಕಿದ್ದು ಸರಿ ಎಂದು ನೀವೇ ಬರೆದುಬಿಡಿ. ಅರ್ಧ ಒಪ್ಪಿಕೊಂಡವನ ಉಳಿದರ್ಧ ಕೇಳಲು ಜನ ಸಿದ್ಧರಿರುತ್ತಾರೆ. ಎಲ್ಲರೆದುರು ಬರೆಯಬೇಡಿ, ಮಾಡರೇಟರ್‌ಗಳಿಗೆ ಮಾತ್ರ ಖಾಸಗಿಯಾಗಿ ಬರೆಯಿರಿ. ಎಲ್ಲರ ಮುಂದೆ ಸೋಲಲು ಯಾರಿಗೂ ಮನಸ್ಸಿರುವುದಿಲ್ಲ. ಉತ್ತರ ಬಾರದೆಯೂ ಹೋಗಬಹುದು, ಅದಕ್ಕೂ ತಯಾರಿರಿ.

ಎಲ್ಲ ಫೋಟೊ ತೆಗೆಸುವುದು ನಿಮ್ಮ ಕೈಯಲ್ಲಿದೆ, ನಿಯಮಗಳಲ್ಲಿ ಬೇರೆ ಏನೂ ಇಲ್ಲದಿದ್ದರೆ. ಆದರೆ ನಿಮ್ಮ ಮೊದಲ ವರ್ಷಗಳ ಎಷ್ಟೋ ಹಡಗುಗಳು ಈಗ ಅಲಂಗ್‌ನಲ್ಲಿ ಕಂಬಿಯಾಗಿ ಕರಗಿ ಹೋಗಿವೆ. ಅವು ಪಣಂಬೂರಿಗೆ ಬಂದಿದ್ದವು ಅನ್ನುವುದಕ್ಕೆ ನಿಮ್ಮ ಫೋಟೊ ಒಂದೇ ಇರಬಹುದು. ಸಿಟ್ಟಿನ ವಾರದಲ್ಲಿ ಈ ನಿರ್ಧಾರ ಬೇಡ. ಆರು ತಿಂಗಳ ನಂತರವೂ ತೆಗೆಯಬೇಕು ಅನ್ನಿಸಿದರೆ ತೆಗೆಯಿರಿ.

ಯೂಟ್ಯೂಬ್ ಚಾನೆಲ್ ವಿಷಯ ಬೇರೆ. ಇಲ್ಲಿ ನೀವು ಗಟ್ಟಿಯಾಗಿ ನಿಲ್ಲಬಹುದು. ಮೊದಲು ವಿಡಿಯೊದ ಲಿಂಕು, ಸ್ಕ್ರೀನ್‌ಶಾಟು, ದಿನಾಂಕ ಇಟ್ಟುಕೊಳ್ಳಿ. ಚಾನೆಲಿನವರಿಗೆ ಬರೆದು ಹೆಸರು ಹಾಕಲು ಅಥವಾ ತೆಗೆಯಲು ಹೇಳಿ. ಕೇಳದಿದ್ದರೆ ಯೂಟ್ಯೂಬಿನ ಕೃತಿಸ್ವಾಮ್ಯದ ದೂರಿನ ಅರ್ಜಿ ತುಂಬಿ. ಅದಕ್ಕೆ ಖರ್ಚಿಲ್ಲ. ಚಾನೆಲ್ ನಿಮಗೆ ಪ್ರತಿ ಉತ್ತರ ಕೊಟ್ಟು ಜಗ್ಗಾಡಬಹುದು, ನಿಮ್ಮ ಹೆಸರು ವಿಳಾಸ ಅವರಿಗೆ ಗೊತ್ತಾಗಬಹುದು, ಇಷ್ಟೇ ಅಪಾಯ. ಸುದ್ದಿ ವರದಿಗೆ, ವಿಮರ್ಶೆಗೆ ನ್ಯಾಯವಾಗಿ ಬಳಸಲು 52ನೇ ಕಲಂ ಅವಕಾಶ ಕೊಡುತ್ತದೆ. ‘ಮಂಗಳೂರಿನ ಟಾಪ್ ಹತ್ತು ದೈತ್ಯ ಹಡಗುಗಳು’ ಅಂಥದ್ದಕ್ಕೆ ಅದು ಅನ್ವಯ ಆಗುವುದು ಕಷ್ಟ. ಕ್ರಿಮಿನಲ್ ದಾರಿಯೂ ಇದೆ, 63ನೇ ಕಲಂನಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು ಅಂತ ಇದೆ. ಒಂದು ಹಡಗಿನ ಫೋಟೊಕ್ಕೆ ಅಲ್ಲಿವರೆಗೆ ಹೋದವರನ್ನು ನಾನು ಕಂಡಿಲ್ಲ. ದೊಡ್ಡ ಸೋಷಿಯಲ್ ಮೀಡಿಯಾ ಕಂಪನಿಗಳಿಗೆ ಭಾರತದಲ್ಲಿ ಕುಂದುಕೊರತೆ ಅಧಿಕಾರಿ ಇರಲೇಬೇಕು, ಅವರ ಉತ್ತರ ಹಿಡಿಸದಿದ್ದರೆ 30 ದಿನದೊಳಗೆ ಮೇಲ್ಮನವಿ ಸಮಿತಿಗೆ ಹೋಗಬಹುದು. ಈ ದಾರಿ ಕಂಪನಿಯ ತೀರ್ಮಾನಗಳಿಗೆ. ಮಾಡರೇಟರಿನ ರುಚಿಗೆ ಅಲ್ಲ.

ಹೊಸ ಗ್ರೂಪು ಶುರು ಮಾಡಬೇಕಾ? ಮಾಡಿ. ಮೂರನೆಯ ವಾರದಲ್ಲಿ ನಿಮ್ಮ ಮಾವನ ಮಗ ಕೋಸ್ಟ್ ಗಾರ್ಡ್ ಫೋಟೊ ಹಾಕುತ್ತಾನೆ. ಆಗ ನನಗೊಂದು ಪತ್ರ ಬರೆಯಿರಿ.

ಕೊನೆಗೆ ನಿಮ್ಮ ‘ಸಣ್ಣ ವಿಷಯ’. ಅದು ಸಣ್ಣದಲ್ಲ. ನಾನು ಮಾಡರೇಟರ್ ಆಗಿದ್ದ ಎರಡನೆಯ ವರ್ಷ ಬೆಂಗ್ರೆ ಕಡೆಯ ಹಿರಿಯರೊಬ್ಬರು ಮಂಜಿಗಳ ಫೋಟೊ ಕಳಿಸುತ್ತಿದ್ದರು. ಹಳೆ ಬಂದರಿನ ದಕ್ಕೆಯಲ್ಲಿ (ಹಡಗು ಕಟ್ಟುವ ಕಟ್ಟೆಯಲ್ಲಿ) ಲಕ್ಷದ್ವೀಪಕ್ಕೆ ಜಲ್ಲಿ, ಸಿಮೆಂಟು, ಅಕ್ಕಿ, ತರಕಾರಿ ತುಂಬುತ್ತಿದ್ದ ಮರದ ಹಡಗುಗಳು. ಹಳೆ ಫಿಲ್ಮಿನಿಂದ ಸ್ಕ್ಯಾನ್ ಮಾಡಿಸಿದ್ದವು. ನಮ್ಮ ನಿಯಮ ಐಎಂಒ ನಂಬರ್ ಕೇಳುತ್ತಿತ್ತು. ಮರದ ಹಡಗುಗಳು ಸಾಮಾನ್ಯವಾಗಿ ಆ ನಂಬರಿನ ಪದ್ಧತಿಗೇ ಸೇರುವುದಿಲ್ಲ, ಯುದ್ಧನೌಕೆಗಳೂ ಸೇರುವುದಿಲ್ಲ. ನಾನು ‘ಮಾಹಿತಿ ಅಪೂರ್ಣ’ ಎಂಬ ಬಟನ್ ಒತ್ತಿ ಏಳು ಫೋಟೊ ವಾಪಸ್ ಕಳಿಸಿದೆ. ಅವರು ಜಗಳ ಆಡಲಿಲ್ಲ. ಆಮೇಲೆ ಒಂದೂ ಕಳಿಸಲಿಲ್ಲ. ನಾನು ನಿಯಮ ಬದಲಿಸಬೇಕೆಂದು ಉಳಿದವರೊಡನೆ ಮಾತಾಡಿ ಒಪ್ಪಿಸುವ ಹೊತ್ತಿಗೆ ಅವರು ತೀರಿಕೊಂಡಿದ್ದರು. ಆ ಫಿಲ್ಮುಗಳು ಎಲ್ಲಿವೆಯೋ.

ಹಾಗಾಗಿ ನಿಮ್ಮ ಮಂಜಿ ಫೋಟೊಗಳನ್ನು ಆ ಗ್ರೂಪಿಗಾಗಿ ಕಾಯಿಸಬೇಡಿ. ಪ್ರತಿಯೊಂದಕ್ಕೂ ದಿನಾಂಕ, ಯಾವ ದಕ್ಕೆ, ಏನು ತುಂಬುತ್ತಿತ್ತು, ಮಂಜಿ ನಡೆಸುವ ತಂಡೇಲ ಯಾವ ಊರಿನವನು ಎಂದು ಗೊತ್ತಿದ್ದಷ್ಟು ಬರೆದಿಡಿ. ಮಂಜಿಯ ಹೆಸರಿಗೆ ಮೊದಲು, ಯಂತ್ರ ಕೂಡಿಸಿದ ಹಾಯಿ ಹಡಗು ಎಂಬ ಅರ್ಥದಲ್ಲಿ, ಎಂಎಸ್‌ವಿ ಎಂದಿರುತ್ತದೆ, ಜೊತೆಗೆ ನೋಂದಣಿ ನಂಬರೂ ಇರುತ್ತದೆ. ಐಎಂಒ ನಂಬರಿನ ಜಾಗದಲ್ಲಿ ಅದನ್ನೇ ಬರೆಯಿರಿ. ಮಳೆಗಾಲದಲ್ಲಿ ಅವುಗಳ ಓಡಾಟ ನಿಂತಿರುತ್ತದೆ. ಸೆಪ್ಟೆಂಬರ್ ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ದಕ್ಕೆಗೆ ಹೋಗಿ, ಹಿಂಬದಿಯ ಹೆಸರು ನೀಟಾಗಿ ಕಾಣುವ ಹಾಗೆ ಇನ್ನಷ್ಟು ತೆಗೆಯಿರಿ. ಕಾವಲಿನವರನ್ನು ಒಂದು ಮಾತು ಕೇಳಿಯೇ ಹೋಗಿ. ಹೇಳಿ ಕಳಿಸಿದರೆ ನಾನೂ ಬರುತ್ತೇನೆ.